ಖಾಲಿ ಕುರ್ಚಿಗಳ ಪಗಾರ

ಮುದ್ದೇಬಿಹಾಳದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆಂದು ಬೇರೆ ಕೋಣೆ ಇರಲಿಲ್ಲ. ಹೆರಿಗೆ ಕೋಣೆಯನ್ನೇ ಫಿನೈಲ್ ಹಾಕಿ ತೊಳೆದು, ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಬಳಸುತ್ತಿದ್ದರು. ನಾನು ಆ ಬಾಗಿಲಲ್ಲಿ ಹೋಗಿ ನಿಂತಾಗ ಬೆಳಗಿನ ಹೊತ್ತು. ಮೇಜಿನ ಮೇಲೆ ತುಂಬು ಬಸುರಿಯೊಬ್ಬಳನ್ನು ಕೂರಿಸಿ, ಬೆನ್ನು ಬಾಗಿಸಿ, ಸಿಸ್ಟರ್ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಲೇಡಿ ಡಾಕ್ಟರು ಬೆನ್ನೆಲುಬಿನ ಸಂದು ಹುಡುಕಿ ಸೂಜಿ ಇಳಿಸುತ್ತಿದ್ದರು. ತಿಳಿನೀರಿನ ಹನಿ ಸೂಜಿಯ ತುದಿಗೆ ಬಂದ ಮೇಲೆ ಸಿರಿಂಜು ಜೋಡಿಸಿ ಔಷಧ ಒತ್ತಿದರು. ಆಮೇಲೆ ತಲೆಯೆತ್ತದೆಯೇ ಕೇಳಿದರು.

“ಯಾರು ಅಲ್ಲೆ? ಡಾಕ್ಟರೇನ್ರಿ?”

“ಹೌದ್ರಿ. ವಿಜಾಪುರ ಆಫೀಸಿನಿಂದ ಬಂದೇನಿ.”

“ಆಫೀಸಿನ ಮಾತು ಆಮ್ಯಾಲೆ ಆಡೋಣು. ಮೊದಲ ಕೈ ತೊಳಕೋರಿ. ಬಿ.ಪಿ. ನೋಡ್ಲಿಕ್ಕೆ ನನಗ ಮೂರನೇ ಕೈ ಇಲ್ಲ.”

ನಾನು ಹೋದದ್ದು ಬೇರೆ ಕೆಲಸಕ್ಕೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲಿನ ಕೆಲವು ವರ್ಷಗಳ ಮಾತು ಇದು. ಆಗ ನಾನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಸಹಾಯಕ ಅಧಿಕಾರಿಯಾಗಿದ್ದೆ. ಓದಿದ್ದು ವೈದ್ಯಕೀಯವೇ ಆದರೂ ರೋಗಿಗಳ ಮೈ ಮುಟ್ಟುವ ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕು ಆಸ್ಪತ್ರೆಗಳಲ್ಲಿ ವೈದ್ಯರ ಹುದ್ದೆಗಳು ಅರ್ಧದಷ್ಟು ಖಾಲಿ ಏಕಿವೆ ಎಂದು ಬೆಂಗಳೂರು ವಿವರ ಕೇಳಿತ್ತು. ಹಾಗೆ ಕೇಳುವುದು ವಾಡಿಕೆ. ‘ಅಭ್ಯರ್ಥಿಗಳು ಲಭ್ಯವಿಲ್ಲ’ ಎಂದು ಉತ್ತರಿಸುವುದೂ ವಾಡಿಕೆ. ಆದರೆ ಅದೇ ವಾರ ಮುದ್ದೇಬಿಹಾಳದ ಲೇಡಿ ಡಾಕ್ಟರ ರಾಜೀನಾಮೆಯೂ ನಮ್ಮ ಕಚೇರಿಗೆ ಬಂದಿತ್ತು. ನಾಲ್ಕೂ ತಾಲೂಕುಗಳಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಬಲ್ಲ ಸರ್ಕಾರಿ ವೈದ್ಯರು ಅವರೊಬ್ಬರೇ. ಹೀಗಾಗಿ ಕುಳಿತಲ್ಲೇ ಉತ್ತರ ಬರೆಯಲು ಮನಸ್ಸಾಗದೆ ಜೀಪು ಹತ್ತಿ ಹೋಗಿದ್ದೆ.

ಕೈ ತೊಳೆದು ಒಳಗೆ ಹೋದೆ. ಮೇಜಿನ ಮೇಲಿದ್ದ ಹೆಣ್ಣುಮಗಳು ಹೊಳೆದಂಡೆಯ ಹಳ್ಳಿಯವಳು, ಹಿಂದಿನ ದಿನದಿಂದ ನೋವು ತಿಂದು ಚಕ್ಕಡಿಯಲ್ಲಿ ಬಂದಿದ್ದಳು. ಕೂಸು ಅಡ್ಡ ಬಿದ್ದು ಒಂದು ಕೈ ಹೊರಗೆ ಬಂದಿತ್ತು. ಸೂಜಿಯ ಮದ್ದು ಕಾಲಿಗೆ ಇಳಿಯುತ್ತಿದ್ದಂತೆ ಅವಳ ರಕ್ತದ ಒತ್ತಡ ಕುಸಿಯತೊಡಗಿತು. ನಾನು ಸಲೈನ್ ಜೋರಾಗಿ ಬಿಟ್ಟು, ಒತ್ತಡ ಏರಿಸುವ ಇಂಜೆಕ್ಷನ್ ಕೊಟ್ಟು, ಮತ್ತೆ ಮತ್ತೆ ಪಟ್ಟಿ ಬಿಗಿದು ನೋಡಿದೆ. ಪಟ್ಟಿ ಬಿಗಿಯುವಾಗ ಎರಡು ಸಲ ತಡವರಿಸಿದೆ. ಕಡತ ತಿರುವಿ ಮರಗಟ್ಟಿದ ಕೈ. ಲೇಡಿ ಡಾಕ್ಟರು ಒತ್ತಡದ ಅಂಕಿ ಕೇಳುತ್ತಲೇ ಕೊಯ್ದರು. ಕೂಸನ್ನು ಕಾಲು ಹಿಡಿದು ಹೊರತೆಗೆದು ಸಿಸ್ಟರ ಕೈಗೆ ಕೊಟ್ಟರು. ಸಿಸ್ಟರ್ ಬಾಯಿ ಒರೆಸಿ ಬೆನ್ನು ತಟ್ಟಿದ ಮೇಲೆ ಅದು ಅತ್ತಿತು.

ಹೊರಗೆ ಕಟ್ಟೆಯ ಮೇಲೆ ಆಕೆಯ ಗಂಡ ಕುಳಿತಿದ್ದ. ಲೇಡಿ ಡಾಕ್ಟರು ಅವನಿಗೆ ತಾಯಿ ಮಗು ಇಬ್ಬರೂ ಉಳಿದಿದ್ದಾರೆ ಎಂದರು. ಅವನು ಎದ್ದು ನಿಂತು, “ಬಾಯಾರ, ನೀವು ಇರದಿದ್ರ ಎಲ್ಲಿಗ್ ಹೊಂಟಿದ್ವಿರಿ ನಾವು?” ಎಂದ. ಅವರು ನನ್ನ ಕಡೆ ನೋಡಿದರು.

ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಚಹಾ ಕೊಟ್ಟರು. ಒಂದು ಕೋಣೆಯ ಮಾಳಿಗೆ ಸೋರುತ್ತಿತ್ತು. ನೀರನ್ನು ಊರ ಬಾವಿಯಿಂದ ಹೊತ್ತು ತರಿಸಬೇಕು. ಲೇಡಿ ಡಾಕ್ಟರು ಧಾರವಾಡದವರು. ಗಂಡ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಮಗಳು ಅತ್ತೆಯ ಹತ್ತಿರ ಇದ್ದಳು.

“ರಾಜೀನಾಮೆ ಯಾಕ ಕೊಟ್ರಿ? ಮಂದಿ ತ್ರಾಸು ಕೊಡಾಕತ್ತಾರೇನು?” ಎಂದು ಕೇಳಿದೆ.

“ಇಲ್ರಿ. ಮಂದಿ ಭಾಳ ಛಲೋ ಇದ್ದಾರ. ಆಲಮಟ್ಟಿ ಡ್ಯಾಮಿನ ಕ್ಯಾಂಪಿನ್ಯಾಗ ಒಂದು ದವಾಖಾನಿ ಅದ. ಅಲ್ಲಿಗೆ ಕರದಾರ. ಮೂಲ ಪಗಾರ ಇಲ್ಲಿನಷ್ಟs. ಆದ್ರ ಮ್ಯಾಲೆ ಪ್ರಾಜೆಕ್ಟ್ ಭತ್ಯೆ ಕೊಡ್ತಾರ, ನಳದ ನೀರಿನ ಮನಿ ಕೊಡ್ತಾರ. ಮಗಳನ್ನ ಕರಕೊಂಡು ಬಂದು ಒಬ್ಬ ಹೆಣ್ಮಗಳನ್ನ ಇಟ್ಕೊಂಡು ಇರಬಹುದು. ಇಲ್ಲಿ ಆ ಪಗಾರದಾಗ ನಾ ಒಬ್ಬಾಕಿ ಇರೂದs ಕಷ್ಟ.”

“ಅಲ್ಲಿ ಹೆರಿಗಿ ಎಷ್ಟ್ ಬರ್ತಾವ್ರಿ?”

“ಎಲ್ಲಿದು! ಕೆಮ್ಮು, ಜ್ವರ, ಕಾಲಿಗೆ ಕಲ್ಲು ಬಿದ್ದಾವ್ರು. ನಾ ಕಲ್ತದ್ದು ಅಲ್ಲೇನೂ ಬೇಕಾಗೂದಿಲ್ಲ. ಅದು ನನಗೂ ಗೊತ್ತದ.”

ಸಂಜೆ ಮನೆಯಲ್ಲಿ ಖಾಸಗಿಯಾಗಿ ರೋಗಿಗಳನ್ನು ನೋಡಿ ಸಂಪಾದಿಸುವುದು ಆಗ ಹಲವರಿಗೆ ರೂಢಿ. ಆ ಮಾತು ತೆಗೆದೆ. ಅವರು ಚಹಾದ ಕಪ್ ಕೆಳಗಿಟ್ಟರು.

“ಮುಂಜಾನೆ ದವಾಖಾನ್ಯಾಗ ನೋಡಿದಾಕಿಗೆ ಸಂಜಿಮುಂದ ರೊಕ್ಕಾ ತಗೊಂಡು ಮನಿಗೆ ಬಾ ಅಂತ ಹೇಳ್ಳಿಕ್ಕೆ ನನ್ನಿಂದ ಆಗೂದಿಲ್ಲ. ಮಾಡಾವ್ರಿಗೆ ನಾ ಏನೂ ಅನ್ನೂದಿಲ್ಲ. ನನಗ ಪಗಾರ ಸಾಕಾಗಬೇಕು, ಅಷ್ಟ.”

ಹಿಂದಿರುಗುವ ದಾರಿಯಲ್ಲಿ ಒಂದೇ ವಿಷಯ ನನ್ನ ತಲೆಯಲ್ಲಿತ್ತು. ಅವರನ್ನು ಸೆಳೆಯುತ್ತಿದ್ದುದು ಸೊಲ್ಲಾಪುರದ ಯಾವುದೋ ಖಾಸಗಿ ಆಸ್ಪತ್ರೆಯಲ್ಲ. ಸರ್ಕಾರವೇ ಒಂದು ಕೈಯಿಂದ ಹೆಚ್ಚು ಕೊಟ್ಟು ತನ್ನದೇ ಇನ್ನೊಂದು ಕೈಯಿಂದ ವೈದ್ಯರನ್ನು ಬಿಡಿಸಿಕೊಳ್ಳುತ್ತಿತ್ತು. ಹೂವಿನ ಹಿಪ್ಪರಗಿಯಲ್ಲಿ ನೀರು ಕುಡಿಯಲು ಜೀಪು ನಿಲ್ಲಿಸಿದಾಗ ನಾಲ್ಕಾರು ಮಂದಿ ಬಂದು, “ಬಾಗೇವಾಡಿಗೆ ಹೊಸಾ ಡಾಕ್ಟರ ಬಂದ್ರೇನ್ರಿ?” ಎಂದು ಕೇಳಿದರು. ಇಲ್ಲ ಎಂದೆ. ಅವರು ಬೇಜಾರನ್ನೂ ತೋರಿಸದೆ ಹೋದರು.

ಮುಂದಿನ ದಿನಗಳಲ್ಲಿ ಉಳಿದ ಮೂರು ಊರುಗಳಿಗೂ ಹೋದೆ. ಇಂಡಿಯಲ್ಲಿ ಇದ್ದ ಒಬ್ಬ ವೈದ್ಯರು ನಿವೃತ್ತಿಯ ಹತ್ತಿರ ಇದ್ದರು. ಬಾಗೇವಾಡಿಯವರು ಹುಬ್ಬಳ್ಳಿಗೆ ವರ್ಗ ಕೇಳಿ ಅರ್ಜಿ ಮೇಲೆ ಅರ್ಜಿ ಹಾಕುತ್ತಿದ್ದರು. ಸಿಂದಗಿಯ ವೈದ್ಯರು ಮಾತ್ರ ಹಲವು ವರ್ಷಗಳಿಂದ ಅಲ್ಲೇ ನೆಲೆ ನಿಂತಿದ್ದರು. ಅವರ ಸಂಜೆಯ ಪ್ರಾಕ್ಟೀಸು ಚೆನ್ನಾಗಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

“ನೋಡ್ರಿ, ನಾ ಇಲ್ಲಿ ಉಳದದ್ದು ಅದರ ಮ್ಯಾಲ. ನಿಮ್ಮ ಪಗಾರದ ಮ್ಯಾಲ ಆಗಿದ್ರ ನಾನೂ ಎಂದೋ ಗಂಟು ಕಟ್ಟಿರ್ತಿದ್ದೆ. ನೀವು ಭತ್ಯೆ ಕೊಟ್ಟು ಪ್ರಾಕ್ಟೀಸ್ ಬಿಡು ಅಂದ್ರ ನನಗ ಬ್ಯಾಡ. ಮೊದಲs ಹೇಳಿ ಬಿಡ್ತೇನಿ.”

ವಿಜಾಪುರಕ್ಕೆ ಬಂದು ನನ್ನ ಮೇಲಧಿಕಾರಿಗಳಿಗೆ ಎಲ್ಲ ಹೇಳಿದೆ. ಅವರು ಅನುಭವಿ, ದುಡುಕದ ಮನುಷ್ಯ.

“ಆ ಡಾಕ್ಟರ್‌ಬಾಯಿ ಹ್ವಾದ್ರ ಮತ್ತೊಬ್ಬಾಕಿ ಬರ್ತಾಳ ಬಿಡ್ರಿ,” ಎಂದರು.

“ಹಿಂದ ಯಾವಾಗ ಬಂದಿದ್ಲು ಸರ್?”

ಅವರು ಬಿಳಿ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. “ಬರೀರಿ. ನಾ ಸಹಿ ಮಾಡ್ತೇನಿ. ಆದ್ರ ಆಸೆ ಇಟ್ಕೋಬ್ಯಾಡ್ರಿ.”

ನಾನು ಬರೆದದ್ದು ಸರಳವಾಗಿತ್ತು. ಈ ನಾಲ್ಕು ಆಸ್ಪತ್ರೆಗಳಲ್ಲಿ ಖಾಸಗಿ ಪ್ರಾಕ್ಟೀಸು ಮಾಡದೆ ಕೆಲಸ ಮಾಡುವ ವೈದ್ಯರಿಗೆ, ಆಲಮಟ್ಟಿಯ ಕ್ಯಾಂಪಿನಲ್ಲಿ ಕೊಡುವಷ್ಟೇ ವಿಶೇಷ ಭತ್ಯೆ ಕೊಡಬೇಕು. ಜೊತೆಗೆ ವಾಸಯೋಗ್ಯ ಮನೆ ಕೊಡಬೇಕು. ಲೇಡಿ ಡಾಕ್ಟರಿಗೆ ಇದನ್ನು ತಿಳಿಸಿ, ರಾಜೀನಾಮೆಯನ್ನು ಸದ್ಯ ಮುಂದೆ ಕಳಿಸದೆ ಇಟ್ಟುಕೊಳ್ಳಲೇ ಎಂದು ಕೇಳಿದೆ. ಅವರು ಒಪ್ಪಿದರು, ಆದರೆ ಒಂದು ಗಡುವು ಹಾಕಿದರು. “ಮಗಳ ಸಾಲಿ ಸುರು ಆಗೂದರೊಳಗ ನನಗ ಒಂದು ತೀರ್ಮಾನ ಆಗಬೇಕು. ಆಮ್ಯಾಲೆ ನೀವು ಕೇಳಿದ್ರೂ ನಾ ನಿಲ್ಲೂದಿಲ್ಲ.”

ಚಳಿ ಮುಗಿಯುವ ಹೊತ್ತಿಗೆ ಪ್ರಸ್ತಾವ ಹಿಂದೆ ಬಂತು. ಒಂದು ಭಾಗಕ್ಕೆ ಕೊಟ್ಟರೆ ಉಳಿದ ಭಾಗದವರೂ ಕೇಳುತ್ತಾರೆ, ಹೆಚ್ಚಿನ ಹೊರೆ ಸಾಧ್ಯವಿಲ್ಲ ಎಂಬುದು ಅದರ ಸಾರ. ಮೇಲಧಿಕಾರಿಗಳು ನನ್ನ ಮುಖ ನೋಡಿ, ಬೆಂಗಳೂರಿಗೆ ಹೋಗಿ ಬರಲು ಅನುಮತಿ ಕೊಟ್ಟರು. “ಹೋಗಿ ಕಣ್ಣಾರೆ ನೋಡಿ ಬರ್ರಿ, ಅಂದ್ರ ಸಮಾಧಾನ ಆಗ್ತೈತಿ,” ಎಂದರು.

ಗದಗ, ಹುಬ್ಬಳ್ಳಿಗಳಲ್ಲಿ ರೈಲು ಬದಲಿಸಿ ಬೆಂಗಳೂರು ಸೇರಿದೆ. ಹಣಕಾಸಿನ ಕಡತ ನೋಡುತ್ತಿದ್ದ ಅಧಿಕಾರಿ ಮಧ್ಯವಯಸ್ಸಿನವರು, ಬೆಂಗಳೂರು ಕಡೆಯವರೇ. ನಾನು ಹೇಳುವುದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಅಡ್ಡ ಬಿದ್ದ ಕೂಸಿನ ಸಂಗತಿಯನ್ನೂ ಹೇಳಿದೆ.

“ನೋಡಿ ಡಾಕ್ಟ್ರೇ,” ಎಂದರು. “ನೀವು ಹೇಳೋದು ನ್ಯಾಯವಾಗೇ ಇದೆ. ಆದರೆ ಈ ಮೇಜಿಗೆ ಬರೋದೆಲ್ಲ ನ್ಯಾಯವಾಗೇ ಇರುತ್ತೆ.”

“ಆಲಮಟ್ಟ್ಯಾಗ ಇದs ಸರ್ಕಾರ ಕೊಡಾಕತ್ತೈತಲ್ರಿ ಸರ್.”

“ಅದು ಡ್ಯಾಮಿನ ಕೆಲಸ. ಕೆಲಸ ಮುಗಿದರೆ ಭತ್ಯೆನೂ ಮುಗಿಯುತ್ತೆ. ನಿಮ್ಮ ಕೆಲಸ ಯಾವಾಗ ಮುಗಿಯುತ್ತೆ ಹೇಳಿ?”

ನಾನು ಕಡತ ಕಟ್ಟಿಕೊಂಡೆ. ನಾನು ಏಳಬೇಕು ಎನ್ನುವಷ್ಟರಲ್ಲಿ ಅವರೇ ಮುಂದುವರಿಸಿದರು. “ಹೊಸ ಹೊರೆ ಇಲ್ಲದ ಹಾಗೆ ಮಾಡ್ಕೊಂಡು ಬನ್ನಿ. ನಿಮ್ಮಲ್ಲಿ ಖಾಲಿ ಹುದ್ದೆಗಳಿವೆಯಲ್ಲ, ಅವನ್ನ ಬಿಟ್ಟುಕೊಡಿ. ಬಹಳ ಕಾಲದಿಂದ ಖಾಲಿ ಇರೋ ಹುದ್ದೆಯ ಸಂಬಳವನ್ನ ನಾವು ಅರ್ಧ ಅಂತಲೇ ಲೆಕ್ಕಕ್ಕೆ ಹಿಡಿಯೋದು. ಜನ ಇರೋ ಹುದ್ದೆ ಬಿಟ್ಟರೆ ಪೂರ್ತಿ. ಹಾಗೆ ಉಳಿದ ಹಣದಲ್ಲಿ ಇರೋರಿಗೆ ಭತ್ಯೆ ಕೊಡಿ. ಆಗ ನಾನು ಬೇಡ ಅನ್ನೋಕೆ ಕಾರಣ ಇರೋಲ್ಲ.”

ಬರುವ ದಾರಿಯುದ್ದಕ್ಕೂ ಈ ಮಾತನ್ನು ತಿರುವಿ ಹಾಕಿದೆ. ಖಾಲಿ ಹುದ್ದೆಯಿಂದ ಯಾರಿಗೂ ಒಂದು ಗುಳಿಗೆಯೂ ಸಿಗುವುದಿಲ್ಲ ಎನ್ನುವುದು ಸರಿ. ಆದರೆ ಬಿಟ್ಟುಕೊಟ್ಟ ಹುದ್ದೆ ಮತ್ತೆ ಮಂಜೂರಾಗಿ ಬಂದದ್ದನ್ನು ನನ್ನ ಸೇವೆಯಲ್ಲಿ ನಾನು ನೋಡಿರಲಿಲ್ಲ. ಇಂದು ಒಬ್ಬರನ್ನು ಉಳಿಸಿಕೊಳ್ಳಲು ನಾಳೆ ಬರಬಹುದಾದ ಇನ್ನೊಬ್ಬರ ಜಾಗವನ್ನೇ ಅಳಿಸಿದಂತಾಗುತ್ತಿತ್ತು. ಹಾಗೆಂದು ಸುಮ್ಮನಿದ್ದರೆ ಬೇಸಿಗೆ ಮುಗಿಯುವುದರೊಳಗೆ ಮುದ್ದೇಬಿಹಾಳವೂ ಖಾಲಿಯಾಗುವುದು ಖಂಡಿತ.

ಕಚೇರಿಯ ಹಿರಿಯ ಗುಮಾಸ್ತರೊಂದಿಗೆ ಕುಳಿತು ಲೆಕ್ಕ ಹಾಕಿದೆ. ಇಂಡಿ, ಸಿಂದಗಿ, ಬಾಗೇವಾಡಿಯ ತಲಾ ಒಂದು ಖಾಲಿ ಹುದ್ದೆ ಬಿಟ್ಟರೆ ಉಳಿದವರಿಗೆ ಭತ್ಯೆ ಕೊಡಲು ಹೆಚ್ಚು ಕಡಿಮೆ ಸರಿಹೋಗುತ್ತಿತ್ತು. ಮನೆಯ ಮಾತು ಮಾತ್ರ ಕೈಬಿಡಬೇಕಾಯಿತು. ಮನೆ ಕಟ್ಟುವುದು ಬೇರೆ ಇಲಾಖೆಯ ಕೆಲಸ. ಹುದ್ದೆ ಬಿಡುವ ಮೊದಲು ಆಯಾ ತಾಲೂಕು ಬೋರ್ಡಿನ ಅಭಿಪ್ರಾಯ ಪಡೆಯಬೇಕು ಎಂದು ಮೇಲಧಿಕಾರಿಗಳು ಷರತ್ತು ಹಾಕಿದರು.

ಇಂಡಿಯವರು ಗೊಣಗುತ್ತ ಒಪ್ಪಿದರು. ಬಾಗೇವಾಡಿಯವರೂ ಒಪ್ಪಿದರು. ಸಿಂದಗಿಯ ಬೋರ್ಡಿನ ಅಧ್ಯಕ್ಷರು ಮಾತ್ರ ನನ್ನನ್ನು ಆಸ್ಪತ್ರೆಗೇ ಕರೆಸಿದರು. ಎತ್ತರದ ಆಳು, ತಲೆಗೆ ಬಿಳಿ ಪಟಗ, ಜೋಳ ಹತ್ತಿ ಬೆಳೆಯುವ ದೊಡ್ಡ ಕಮತ. ಹೊರರೋಗಿಗಳ ಸಾಲು ಪಡಸಾಲೆ ದಾಟಿ ಬೇವಿನ ಮರದವರೆಗೂ ಇತ್ತು. ಅದರ ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳಿದರು.

“ನಮ್ಮೂರ ಡಾಕ್ಟರನ್ನ ಮುದ್ದೇಬಿಹಾಳಕ್ಕ ಮಾರೀರಂತ?”

“ಯಾರ್ನೂ ಮಾರಿಲ್ರಿ. ಆ ಹುದ್ದ್ಯಾಗ ಯಾರೂ ಇಲ್ಲ. ನಿಮಗ ಅದರಿಂದ ಏನ್ ಸಿಕ್ಕೈತಿ ಹೇಳ್ರಿ?”

“ಜಗಳಾಡೂ ಹಕ್ಕ ಸಿಕ್ಕೈತ್ರಿ. ಹುದ್ದೆ ಐತಿ ಅಂತ ವರ್ಷಾ ವರ್ಷಾ ನಾ ಬೆಂಗಳೂರಿಗೆ ಹೋಗಿ, ಎಲ್ಲಿ ನಮ್ಮ ಡಾಕ್ಟರ ಅಂತ ಕೇಳತೇನಿ. ನೀವು ಅದನ್ನs ಅಳಿಸಿದ್ರ ಏನ್ ಹಿಡಕೊಂಡು ಕೇಳಲಿ? ಇನ್ನs ಹುಟ್ಟದ ಕೂಸಿನ ಹೆಸರು ಹೊಡದಂಗಾತು ಇದು.”

“ಹಂಗಾದ್ರ ಇರೋ ಡಾಕ್ಟರ್ನೂ ಕಳಕೊಳ್ಳೂನೇನ್ರಿ?”

“ಕಳಕೋರಿ ಅನ್ನಾಕತ್ತಿಲ್ಲ. ನಿಮಗ ಒಂದು ಹುದ್ದೆ ಬೇಕಲ್ಲ? ಈ ಸಾಲು ನೋಡ್ರಿ. ಇವರಿಗೆ ಬೇಕಾದಾವ್ರು ಯಾರು? ನಾಡಿ ಹಿಡಿಯಾವ್ರು. ನೀವೂ ಡಾಕ್ಟರ. ವಿಜಾಪುರದಾಗ ಫ್ಯಾನಿನ ಕೆಳಗ ಕುಂತೀರಿ. ನಿಮ್ಮ ಹುದ್ದೆ ಯಾಕ ಬಿಡಂಗಿಲ್ಲ?”

ಸುತ್ತ ನಿಂತವರು ನಕ್ಕರು. ಅವರು ಕುಟುಕಲು ಆಡಿದ ಮಾತು ಅದು. ನನಗೂ ಸಿಟ್ಟು ಬಂತು. ಜೀಪು ಹತ್ತಿ ಹೊರಟೆ. ಆದರೆ ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ಸಿಟ್ಟು ಇಳಿದು ಲೆಕ್ಕ ಉಳಿದಿತ್ತು. ನನ್ನದು ಜನ ಇರುವ ಹುದ್ದೆ. ಅದನ್ನು ಬಿಟ್ಟರೆ ಪೂರ್ತಿ ಸಂಬಳ ಲೆಕ್ಕಕ್ಕೆ ಬರುತ್ತದೆ. ಸಿಂದಗಿಯ ಖಾಲಿ ಹುದ್ದೆಯನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ. ಇನ್ನೊಂದು ಪ್ರಶ್ನೆ ಬಾಕಿ ಉಳಿಯುತ್ತಿತ್ತು: ನಾನು ಎಲ್ಲಿಗೆ ಹೋಗಬೇಕು? ಯಾವುದಾದರೂ ಖಾಲಿ ಹುದ್ದೆಗೆ. ಖಾಲಿ ಹುದ್ದೆಗಳಿಗೇನೂ ನಮ್ಮಲ್ಲಿ ಬರವಿರಲಿಲ್ಲ.

ಇದನ್ನು ತ್ಯಾಗ ಎಂದು ಆಮೇಲೆ ಕೆಲವರು ಕರೆದರು. ನನಗೆ ಹಾಗೆ ಅನ್ನಿಸಿದ್ದಿಲ್ಲ. ಮುದ್ದೇಬಿಹಾಳದ ಮೇಜಿನ ಪಕ್ಕದಲ್ಲಿ ನನ್ನ ಕೈ ತಡವರಿಸಿದ್ದು ನನ್ನನ್ನು ಕೆಣಕಿತ್ತು. ಮತ್ತೆ, ನಾನು ಮಾಡುತ್ತಿದ್ದ ಕಚೇರಿ ಕೆಲಸದ ಬಹುಭಾಗವನ್ನು ಹಿರಿಯ ಗುಮಾಸ್ತರೂ ಮೇಲಧಿಕಾರಿಗಳೂ ಹಂಚಿಕೊಂಡು ಮಾಡಬಹುದಿತ್ತು; ನಾನು ರಜೆ ಹಾಕಿದಾಗ ಹಾಗೆಯೇ ನಡೆಯುತ್ತಿತ್ತು. ಆದರೆ ಬಡ್ತಿಯ ದಾರಿ ಅಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಿತ್ತು.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಕೇಳಾಕ ಬಂದೀರೋ, ಹೇಳಾಕ ಬಂದೀರೋ?”

“ಕೇಳಾಕ ಬಂದೇನಿ.”

“ಹಂಗಾದ್ರ ಕೇಳ್ರಿ. ಹುಡುಗ್ರು ಇಲ್ಲಿ ಛಲೋ ಸಾಲ್ಯಾಗ ಅದಾರ. ಅವರ್ನ ನಡಬರಕ ಕೀಳಬ್ಯಾಡ್ರಿ. ಮುಂದಿನ ವರ್ಷ ಮುಗಿಯೂತನಕ ನಾ ಇಲ್ಲೇ ಇರ್ತೇನಿ. ನೀವು ಮುಂದ ಹೋಗ್ರಿ. ಆದ್ರ ಊಟಾ ಉಪ್ಪು ಖಾರ ಅಂತ ವಾರಾ ವಾರಾ ಓಡಿ ಬರಬ್ಯಾಡ್ರಿ ಮತ್ತ.”

ಅಷ್ಟೇ ಹೇಳಿದಳು. ಆದರೆ ಹಲವು ದಿನ ನನ್ನ ತಟ್ಟೆಗೆ ರೊಟ್ಟಿಯನ್ನು ಮಕ್ಕಳ ಕೈಯಲ್ಲೇ ಕಳಿಸಿದಳು.

ಮೇಲಧಿಕಾರಿಗಳು ತಿದ್ದಿದ ಪ್ರಸ್ತಾವವನ್ನು ಎರಡು ಸಲ ಓದಿದರು. “ಇದರಾಗ ನಿಮ್ಮ ಹೆಸರಿಲ್ಲ, ಹುದ್ದೆ ಅಷ್ಟ ಐತಿ. ನಾಳೆ ಪಶ್ಚಾತ್ತಾಪ ಆದ್ರ ಯಾರ ಹತ್ರ ಹೇಳ್ತೀರಿ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ, ಸಹಿ ಮಾಡಿದರು.

ಪ್ರಸ್ತಾವ ಹೋಯಿತು. ಕಾಯುವುದು ಶುರುವಾಯಿತು. ಬಿಸಿಲು ಏರಿತು. ಬೆಂಗಳೂರಿನಿಂದ ಒಂದೊಂದೇ ಪ್ರಶ್ನೆ ಬರುತ್ತಿತ್ತು. ಭತ್ಯೆ ಪಡೆದವರು ಎಷ್ಟು ಕಾಲ ನಿಲ್ಲುತ್ತಾರೆ, ಪ್ರಾಕ್ಟೀಸು ಬಿಟ್ಟದ್ದನ್ನು ಯಾರು ನೋಡುತ್ತಾರೆ, ವರ್ಗವಾಗಿ ಹೋದವರಿಗೆ ಏನು. ನಾವು ಅದೇ ದಿನ ಉತ್ತರ ಬರೆಯುತ್ತಿದ್ದೆವು. ಈ ನಡುವೆ ಲೇಡಿ ಡಾಕ್ಟರಿಗೆ ಆಲಮಟ್ಟಿಯಿಂದ ನೇಮಕದ ಆದೇಶ ಬಂತು. ಶಾಲೆ ತೆರೆಯಲು ಹೆಚ್ಚು ದಿನಗಳಿಲ್ಲದಿದ್ದಾಗ ಮುದ್ದೇಬಿಹಾಳದ ಪೋಸ್ಟಾಫೀಸಿನಿಂದ ಅವರ ಫೋನು ಬಂತು. ಗೊರಗೊರ ಸದ್ದಿನ ನಡುವೆ ಅವರ ಮಾತು ಅರ್ಧ ಕೇಳಿಸಿತು.

“ಸಾಮಾನು ಕಟ್ಟೀನ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ನೀವು ಮಾಡೂದು ಮಾಡೀರಿ.”

“ಇನ್ನ ನಾಕು ದಿನಾ ತಡೀರಿ,” ಎಂದು ಕೂಗಿದೆ. ಏನು ಉತ್ತರ ಬಂತೋ ತಿಳಿಯಲಿಲ್ಲ. ಲೈನು ಹೋಯಿತು.

ಆದೇಶ ಬಂದದ್ದು ಅದಾದ ಮೇಲಿನ ಟಪಾಲಿನಲ್ಲಿ. ನಾನು ಓದುತ್ತ ಹೋದಂತೆ ಸಂತೋಷ ಕಡಿಮೆಯಾಯಿತು. ಕೇಳಿದ ಭತ್ಯೆಯಲ್ಲಿ ಅರ್ಧದಷ್ಟನ್ನೇ ಒಪ್ಪಿದ್ದರು. ಖಾಸಗಿ ಪ್ರಾಕ್ಟೀಸು ಸಂಪೂರ್ಣ ಬಿಡಬೇಕು. ಭತ್ಯೆ ಪಡೆದವರು ಮೂರು ವರ್ಷ ಅದೇ ಊರಿನಲ್ಲಿ ಇರಬೇಕು. ನಾವು ಬಿಟ್ಟುಕೊಟ್ಟ ಹುದ್ದೆಗಳನ್ನು ಮಾತ್ರ ಒಂದನ್ನೂ ಬಿಡದೆ ರದ್ದು ಮಾಡಿದ್ದರು.

ಅದನ್ನು ತೆಗೆದುಕೊಂಡು ಮಧ್ಯಾಹ್ನದ ಬಿಸಿಲಲ್ಲೇ ಮುದ್ದೇಬಿಹಾಳಕ್ಕೆ ಹೋದೆ. ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಟ್ರಂಕುಗಳು, ಸುತ್ತಿದ ಹಾಸಿಗೆ. ಲೇಡಿ ಡಾಕ್ಟರು ಟ್ರಂಕಿನ ಮೇಲೆಯೇ ಕುಳಿತು ಓದಿದರು.

“ಮನಿ ಬಗ್ಗೆ ಏನೂ ಇಲ್ಲಲ್ಲ?”

“ಇಲ್ರಿ.”

“ಭತ್ಯೆನೂ ಅರ್ಧಾ ಮಾಡ್ಯಾರ.”

“ಹೌದ್ರಿ. ಆಲಮಟ್ಟಿಗಿಂತ ಕಡಿಮಿನ ಆಗ್ತೈತಿ. ನಾ ಮುಚ್ಚಿಡಂಗಿಲ್ಲ.”

“ರದ್ದಾದ ಹುದ್ದ್ಯಾಗ ನಿಮ್ಮದೂ ಅದ ಅಂತ ಕಾಣತದ. ಖರೇ ಏನು?”

“ಖರೇ. ಆದ್ರ ಅದನ್ನ ನೋಡಿ ನೀವು ನಿಲ್ಲಬ್ಯಾಡ್ರಿ. ಅದು ಬ್ಯಾರೆ ಲೆಕ್ಕ.”

ಅವರು ಮತ್ತೊಮ್ಮೆ ಓದಿದರು. ಬೆರಳ ಮೇಲೆ ಏನೋ ಎಣಿಸಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಅತ್ತರು ಮಾರುವ ವ್ಯಾಪಾರಿಯೊಬ್ಬರ ಮನೆಯ ಮುಂಭಾಗ ಬಾಡಿಗೆಗೆ ಇದೆಯೆಂದೂ, ಅಲ್ಲಿ ಸ್ವಂತ ಬಾವಿ ಇದೆಯೆಂದೂ ಹೇಳಿದರು. ಇಷ್ಟು ದಿನ ಅದು ಅವರ ಪಗಾರಕ್ಕೆ ಮೀರಿದ ಬಾಡಿಗೆಯಾಗಿತ್ತು. “ಈಗ ಹಿಡೀಬಹುದು. ಒಬ್ಬ ಹೆಣ್ಮಗಳನ್ನೂ ಇಟ್ಕೋಬಹುದು. ಉಳಿಯೂದು ಏನೂ ಇಲ್ಲ, ಆದ್ರ ಸಾಲಾನೂ ಆಗೂದಿಲ್ಲ.” ಆದೇಶವನ್ನು ಮಡಚಿ ನನ್ನ ಕೈಗೆ ಕೊಟ್ಟು ಹೇಳಿದರು: “ಮೂರು ವರ್ಷ ಇರ್ತೀನ್ರಿ. ಮುಂದಿಂದು ಈಗ ಕೇಳಬ್ಯಾಡ್ರಿ. ಅಲ್ಲಿ ಕೆಮ್ಮಿಗೆ ಔಷಧ ಕೊಡ್ಲಿಕ್ಕೆ ಮತ್ತ್ಯಾರರೆ ಸಿಗ್ತಾರ.”

ನಾನು ಹೊರಡುವಾಗ ಅವರು ಟ್ರಂಕಿನ ಹಗ್ಗ ಬಿಚ್ಚುತ್ತಿದ್ದರು.

ಸಿಂದಗಿಯಲ್ಲಿ ಬೇರೆಯೇ ಆಯಿತು. ಅಲ್ಲಿನ ವೈದ್ಯರು ತಮ್ಮ ಮಾತಿನಂತೆ ನಡೆದರು. ಆದೇಶ ಬಂದ ಮೇಲೆ ಪ್ರಾಕ್ಟೀಸು ಬಿಡುವಂತೆ ಒತ್ತಡ ಬರುತ್ತದೆ ಎಂದು ತಿಳಿದು ರಾಜೀನಾಮೆ ಕೊಟ್ಟು, ಆಸ್ಪತ್ರೆಯ ಎದುರಿನ ಓಣಿಯಲ್ಲೇ ಸ್ವಂತ ದವಾಖಾನೆ ತೆರೆದರು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಕಳೆದಂತಾಯಿತು. ನನ್ನ ವರ್ಗದ ಆದೇಶದಲ್ಲಿ ಯಾವ ಊರು ಎಂದು ಬರೆಯಬೇಕು ಎಂಬ ಪ್ರಶ್ನೆ ಹೀಗೆ ತಾನೇ ಬಗೆಹರಿಯಿತು.

ಮೃಗಶಿರ ಮಳೆ ಬೀಳುವ ಹೊತ್ತಿಗೆ ನಾನು ಸಿಂದಗಿಯಲ್ಲಿದ್ದೆ. ಮೊದಲ ವಾರಗಳು ಕಷ್ಟವಾದವು. ಮಕ್ಕಳ ಔಷಧದ ಪ್ರಮಾಣ ಮರೆತಿದ್ದೆ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದೆ. ಕೆಲವರು ನನ್ನನ್ನು ನೋಡಿ ಎದುರಿನ ಓಣಿಗೆ ಹೋದರು. ಎದುರಿನ ವೈದ್ಯರು ದುಡ್ಡಿಲ್ಲದವರನ್ನು ನನ್ನ ಕಡೆಗೆ ಕಳಿಸುತ್ತಿದ್ದರು, ನನಗೆ ತಿಳಿಯದ ರೋಗವನ್ನು ನಾನು ಅವರ ಹತ್ತಿರ ಹೋಗಿ ಕೇಳುತ್ತಿದ್ದೆ. ನಮ್ಮಲ್ಲಿ ಜಗಳವಾಗಲಿಲ್ಲ. ಬೋರ್ಡಿನ ಅಧ್ಯಕ್ಷರು ಒಂದು ಸಲ ಬಂದು, ಪಡಸಾಲೆಯಲ್ಲಿ ನಿಂತು ನೋಡಿ ಹೋದರು. ಮರುದಿನ ನನ್ನ ಕೋಣೆಗೆ ಒಂದು ಕೊಡ ಮಜ್ಜಿಗೆ ಬಂತು. ಅವರು ಕಳಿಸಿದ್ದು ಎಂದು ತಂದವರು ಹೇಳಿದರು.

ರದ್ದಾಗದಂತೆ ಉಳಿಸಿಕೊಂಡಿದ್ದ ಸಿಂದಗಿಯ ಆ ಎರಡನೆಯ ಹುದ್ದೆ ಇನ್ನೂ ಖಾಲಿಯೇ ಇತ್ತು. ಈ ಸಲ ಭರ್ತಿಗೆ ಕರೆಯುವಾಗ ಭತ್ಯೆಯ ಸಂಗತಿಯನ್ನೂ ಸೇರಿಸಿ ಎಂದು ವಿಜಾಪುರಕ್ಕೆ ಬರೆದಿದ್ದೆ. ಸೇರಿಸಿದರೋ ಇಲ್ಲವೋ ತಿಳಿದಿರಲಿಲ್ಲ. ಸುಗ್ಗಿಯ ಮೊದಲ ದಿನಗಳಲ್ಲಿ, ಒಂದು ಸಂತೆಯ ದಿನ, ಗುಲ್ಬರ್ಗಾ ಕಡೆಯ ಬಸ್ಸಿನಿಂದ ಇಳಿದ ಒಬ್ಬ ತರುಣ ಹಾಸಿಗೆ ಬಟ್ಟೆ ಸುತ್ತಿದ ಹೋಲ್ಡಾಲು ಹೊತ್ತುಕೊಂಡು ರೋಗಿಗಳ ಸಾಲನ್ನು ದಾಟಿ ನೇರವಾಗಿ ನನ್ನ ಮೇಜಿನ ಹತ್ತಿರ ಬಂದ. ಸಾಲಿನಲ್ಲಿದ್ದವರು, “ಪಾಳಿ ಹಚ್ಚೋ ತಮ್ಮಾ,” ಎಂದು ಕೂಗಿದರು. ಅವನು ಬೆವರು ಒರೆಸಿಕೊಂಡು, ತಾನು ಇಲ್ಲಿಗೆ ನೇಮಕವಾಗಿ ಬಂದ ಡಾಕ್ಟರ್ ಎಂದ.

ನಾನು ಕೂರಲು ಹೇಳಿದೆ. ಅವನು ಕೂರಲಿಲ್ಲ. ಮೊದಲು ಕೇಳಬೇಕೆಂದುಕೊಂಡದ್ದನ್ನು ಕೇಳಿಯೇಬಿಡುವವನಂತೆ ಕೇಳಿದ.

“ಸರ್, ಆ ಹೊಸಾ ಭತ್ಯೆ ಇಲ್ಲಿಗೂ ಐತ್ರಿ ಹೌದಲ್ರಿ?”

“ಐತಿ.”

“ಬಂದ ಕೂಡ್ಲೆ ರೊಕ್ಕದ ಮಾತು ತಗದಾ ಅಂತ ತಪ್ಪು ತಿಳ್ಕೋಬ್ಯಾಡ್ರಿ.”

“ಇಲ್ರಿ. ಇಲ್ಲಿಗೆ ಬಂದು ಅದನ್ನ ಕೇಳಿದವರಲ್ಲಿ ನೀವs ಮೊದಲಿನವರು.”

ಮೂರು ವರ್ಷದ ಮೇಲೂ ಅವನು ಇರುತ್ತಾನೆಯೇ ಎಂದು ನಾನು ಕೇಳಲಿಲ್ಲ. ಪಕ್ಕದ ಕೋಣೆಯಲ್ಲಿ ಪಟ್ಟಿ ಕಟ್ಟುವ ಮೇಜನ್ನು ಖಾಲಿ ಮಾಡಿಸಿ, ಸ್ಟೆತಾಸ್ಕೋಪು ಇದೆಯೇ ಎಂದೆ. ಹೋಲ್ಡಾಲು ಬಿಚ್ಚಿ ತೆಗೆದ. ಹೊರಗೆ ಪಡಸಾಲೆಯಲ್ಲಿ ಯಾರೋ ಒಬ್ಬ ಮುದುಕಿ ಬಾಗಿಲಲ್ಲಿ ಇಣುಕಿ ನೋಡಿ, ಹಿಂದಿನವರಿಗೆ ಏನೋ ಹೇಳಿದಳು. ಬೇವಿನ ಮರದವರೆಗೆ ಇದ್ದ ಸಾಲು ಸ್ವಲ್ಪ ಹೊತ್ತು ಕದಲಿತು, ಗದ್ದಲವಾಯಿತು, ಆಮೇಲೆ ಎರಡು ಸಾಲಾಗಿ ನಿಂತಿತು.